ಚೌಡಣ್ಣನ ಸಹಿ ಹುಡುಕಿಕೊಂಡು ಸೇಲಂ ಸೀಮೆಗೆ

ಬೆಂಗಳೂರು, ಬುಧವಾರ

ನಮ್ಮ ಮನೆತನದಲ್ಲಿ ಪರದೇಶ ಪ್ರವಾಸ ಮಾಡಿದವರಲ್ಲಿ ನಾನೇ ಮೊದಲಿಗ. ಹಡಗು ಹತ್ತಿ ಸೀಮೆಗೆ ಹೋಗಿ ಬಂದವರು ಇದನ್ನು ಓದಿದರೆ ನಗಬಹುದು, ಯಾಕೆಂದರೆ ನಾನು ಹೋದದ್ದು ಸೇಲಂ ಜಿಲ್ಲೆಗೆ. ಆದರೆ ನಮ್ಮಮ್ಮನ ಪ್ರಕಾರ ಮೈಸೂರು ಮಹಾರಾಜರ ಗಡಿಗಲ್ಲು ದಾಟಿದ ಮೇಲೆ ಸಿಗುವುದೆಲ್ಲ ಪರದೇಶವೇ. ಅತ್ತಿಬೆಲೆಯಿಂದಾಚೆ ಇಂಗ್ಲಿಷರ ರಾಜ್ಯ. ಅಲ್ಲಿ ನೀರು ಬೇರೆ, ಕಾಯಿದೆ ಬೇರೆ, ಜನ ಏನು ತಿನ್ನುತ್ತಾರೋ ದೇವರೇ ಬಲ್ಲ. ಕಾಶಿಗೆ ಹೊರಟವನಿಗೆ ಕಟ್ಟಿಕೊಡುವ ಹಾಗೆ ಅಮ್ಮ ಒಂದು ವಾರದ ಬುತ್ತಿ ಕಟ್ಟಿದಳು. ಹೊಸೂರು ಬಸ್ಸಿನಲ್ಲಿ ಎರಡು ಗಂಟೆಯ ದಾರಿ ಎಂದು ನಾನು ಹೇಳಿದ್ದು ಅವಳ ಕಿವಿಗೆ ಬೀಳಲಿಲ್ಲ.

ನಾನು ಹೋದದ್ದು ಊರು ನೋಡಲಿಕ್ಕಲ್ಲ, ಒಂದು ಸಹಿಗೆ. ನಾನು ಬಟ್ಟೆ ಮಿಲ್ಲಿನಲ್ಲಿ ಹಾಜರಿ ಬರೆಯುವ ಗುಮಾಸ್ತ. ಅಕ್ಷರ ದುಂಡಗಿದ್ದದ್ದರಿಂದ ಕಾರ್ಮಿಕರ ಸಂಘಕ್ಕೂ ನಾನೇ ಕಾರ್ಯದರ್ಶಿ. ಹೀಗಾಗಿ ಎರಡು ಕಡೆಯವರೂ ನನ್ನನ್ನು ‘ರೈಟ್ರು’ ಎಂದೇ ಕರೆಯುತ್ತಿದ್ದರು. ಸಂಘದ ಅಧ್ಯಕ್ಷ ಚೌಡಪ್ಪ, ನಮಗೆಲ್ಲ ಚೌಡಣ್ಣ. ಸೇಲಂ ಕಡೆಯ ಎಡಪ್ಪಾಡಿಯ ನೇಕಾರರ ಮನೆಯಲ್ಲಿ ಹುಟ್ಟಿ, ಹೊಟ್ಟೆಪಾಡಿಗೆ ಬೆಂಗಳೂರಿಗೆ ಬಂದು, ನಮ್ಮ ಮಿಲ್ಲಿನ ನೇಯ್ಗೆ ಖಾತೆಯಲ್ಲಿ ಹತ್ತು ವರ್ಷ ಬೆವರು ಸುರಿಸಿದವನು. ಮಗ್ಗದ ಪಕ್ಕದಲ್ಲಿದ್ದಾಗ ನಾವು ಅವನನ್ನು ‘ನೀನು’ ಎನ್ನುತ್ತಿದ್ದೆವು. ಅಧ್ಯಕ್ಷನಾದ ಮೇಲೆ ‘ನೀವು’ ಎಂದೆವು. ಉಪ್ಪಿನ ಗಲಾಟೆಯಲ್ಲಿ ಜೈಲಿಗೆ ಹೋಗಿ ಬಂದ ಮೇಲೆ ‘ತಾವು’ ಎನ್ನಬೇಕೇ ಎಂದು ಒಂದು ಸಭೆಯಲ್ಲಿ ಚರ್ಚೆಯೂ ಆಯಿತು. ನಾನು ಇಲ್ಲಿ ಹಳೆಯ ಸಲಿಗೆಯಲ್ಲೇ ಬರೆಯುತ್ತೇನೆ.

ಆರು ತಿಂಗಳ ಹಿಂದೆ ಒಂದು ಮಧ್ಯಾಹ್ನ ಚೌಡಣ್ಣ ಸಂಘದ ಮೆಟ್ಟಿಲ ಮೇಲೆ ನಿಂತು, “ರೈಟ್ರೇ, ಒಳಗೋಗಿ ಮಗ್ಗ ನಿಲ್ಸಕ್ಕೇಳು” ಎಂದ. ನಾನು ಒಳಗೆ ಹೋಗಿ ಹೇಳಿದೆ. ಹನ್ನೊಂದು ಜನ ನಿಲ್ಲಿಸಿದರು. ಉಳಿದವರು ಯೋಚನೆ ಮಾಡುತ್ತಿರುವಾಗಲೇ ಹನ್ನೊಂದು ಜನಕ್ಕೂ ಕೆಲಸ ಹೋಯಿತು. ಅದೇ ವಾರ ಚೌಡಣ್ಣನಿಗೆ ಪಕ್ಷದಿಂದ ಕರೆ ಬಂತು. ಚುನಾವಣೆ ಹತ್ತಿರ ಬರುತ್ತಿತ್ತು, ಅವನ ಹುಟ್ಟೂರಿನ ಕಡೆ ನಿಲ್ಲಿಸಲು ಒಬ್ಬ ಕಾರ್ಮಿಕ ನಾಯಕ ಬೇಕಾಗಿದ್ದ. ಚೌಡಣ್ಣ ರೈಲು ಹತ್ತಿದ.

ಆರು ತಿಂಗಳು ಬೇಡಿಕೊಂಡ ಮೇಲೆ ಮಿಲ್ಲಿನ ದೊರೆ ಒಂದು ದಾರಿ ತೋರಿಸಿದ. “ಕೂಲಿಗಳು ತಾವಾಗಿಯೇ ನಿಲ್ಲಿಸಿದ್ದರೆ ಅದು ದಂಗೆ. ಯಾರೋ ಹೇಳಿದ್ದಕ್ಕೆ ನಿಲ್ಲಿಸಿದ್ದರೆ ದಡ್ಡತನ. ದಡ್ಡರನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದು. ಹೇಳಿದವನು ಯಾರೋ ಅವನ ಸಹಿ ತಂದುಕೊಡಿ. ಸೋಮವಾರ ಬೆಳಿಗ್ಗೆ ಕಡೆಯ ಗಡುವು.”

ಹೇಳಿದವನು ಚೌಡಣ್ಣ. ಒಳಗೆ ಹೋಗಿ ತಿಳಿಸಿದವನು ನಾನು. ಹನ್ನೊಂದು ಜನ ಕೇಳಿಸಿಕೊಂಡದ್ದು ನನ್ನ ಬಾಯಿಂದ. ಈ ಎರಡನೆಯ ವಿಷಯವನ್ನು ಸಂಘದ ಸಭೆಯಲ್ಲಿ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ‘ಚೌಡಪ್ಪನೆಂಬ ನಾನು ಬರೆದುಕೊಟ್ಟ ಪತ್ರ’ ಎಂದು ನನ್ನ ದುಂಡಗಿನ ಅಕ್ಷರದಲ್ಲಿ ಬರೆದು, ಕೆಳಗೆ ಸಹಿಗೆ ಜಾಗ ಬಿಟ್ಟು, ಒಂದು ವಾರ ರಜೆ ಹಾಕಿ ಹೊರಟೆ. ರಜೆ ಚೀಟಿಯಲ್ಲಿ ಕಾರಣ: ತೀರ್ಥಯಾತ್ರೆ.

ಹೊಸೂರು, ಪರದೇಶದ ಬಾಗಿಲು

ಗಡಿ ದಾಟಿದ್ದು ನನಗೆ ಗೊತ್ತಾಗಲಿಲ್ಲ. ಪಕ್ಕದವನು ಎಬ್ಬಿಸಿ, “ಮಾರಾಜ್ರ ರೋಡು ಮುಗೀತು, ಕುಲುಕಾಟ ಗೊತ್ತಾಗ್ಲಿಲ್ವಾ?” ಎಂದ. ಭಾಷೆಯ ತೊಂದರೆಯಾದೀತೆಂದು ನಾಲ್ಕು ತಮಿಳು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಇಳಿದ ಕೂಡಲೇ ಬೀಡಾ ಅಂಗಡಿಯವನ ಮುಂದೆ ಮೊದಲನೆಯದನ್ನು ಪ್ರಯೋಗಿಸಿದೆ. ಅವನು ಪೂರ್ತಿ ಕೇಳಿಸಿಕೊಂಡು, “ಕನ್ನಡದಾಗೇ ಕೇಳಿ ಸಾಮಿ, ಯಾಕೆ ಕಷ್ಟ ಪಡ್ತೀರಿ” ಎಂದ. ಉಳಿದ ಮೂರು ವಾಕ್ಯಗಳು ಖರ್ಚಾಗದೆ ಹಾಗೇ ವಾಪಸು ಬಂದವು.

ಹೊಸೂರಿನಿಂದ ಧರ್ಮಪುರಿಯ ಮೇಲೆ ಮೊರಪ್ಪೂರಿಗೆ ಒಂದು ಪುಟ್ಟ ರೈಲಿದೆ. ಹಳಿಗಳ ನಡುವೆ ಎಮ್ಮೆ ಅಡ್ಡ ಮಲಗಿದರೆ ಎರಡು ಕಡೆಯೂ ಹೊರಗೆ ಉಳಿಯುತ್ತದೆ. ಒಂದು ಕಡೆ ಇಬ್ಬರು ಗಂಡಸರು ಇಳಿದು, ಹುಣಸೆ ಮರದಿಂದ ಉಡಿಯ ತುಂಬ ಕಾಯಿ ಕಿತ್ತುಕೊಂಡು, ಮುಂದಿನ ತಿರುವಿನಲ್ಲಿ ಮತ್ತೆ ಹತ್ತಿದರು. ಓಡಲಿಲ್ಲ, ನಡೆದೇ ಬಂದರು. ನನ್ನ ಕೊಡೆ ಕಿಟಕಿಯಿಂದ ಬಿತ್ತು. ಅಯ್ಯೋ ಎಂದೆ. ಅವರಲ್ಲೊಬ್ಬನು ಮತ್ತೆ ಇಳಿದು ಅದನ್ನೂ ತಂದುಕೊಟ್ಟ. ನಮ್ಮ ಮೈಸೂರು ರೈಲಿನಲ್ಲಿ ಇಷ್ಟು ಸೌಕರ್ಯ ಇಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಪಾಪಿರೆಡ್ಡಿಪಟ್ಟಿ, ಗುರುವಾರ

ಮೊರಪ್ಪೂರಿನಿಂದ ಎತ್ತಿನ ಗಾಡಿಯಲ್ಲಿ ಪಾಪಿರೆಡ್ಡಿಪಟ್ಟಿ ತಲುಪುವ ಹೊತ್ತಿಗೆ ನನ್ನ ಸೊಂಟ ನನ್ನದಾಗಿರಲಿಲ್ಲ. ಅಲ್ಲಿ ಮಾದಮ್ಮ ಎಂಬ ಹೆಂಗಸಿನ ಮನೆಯಲ್ಲಿ ಇಳಿದುಕೊಂಡೆ. ಅವರದು ಕನ್ನಡ ಮನೆಮಾತಿನ ಬೇಸಾಯದ ಮನೆ, ಗಾಡಿಯವನಿಗೆ ನಂಟು. ಅಮ್ಮನ ಬುತ್ತಿ ಬಿಚ್ಚಲು ಆಕೆ ಬಿಡಲಿಲ್ಲ. ರಾಗಿ ಹಿಟ್ಟಿನ ಮುದ್ದೆ, ಹುರುಳಿ ಸಾರು. ಪರದೇಶದ ಊಟ ಹೇಗಿರುತ್ತದೋ ಎಂದು ಹೆದರಿದ್ದವನು ನಮ್ಮನೆಯ ಊಟವನ್ನೇ ನಮ್ಮನೆಗಿಂತ ಚೆನ್ನಾಗಿ ಉಂಡೆ.

“ನಿಮ್ಮೂರ್ನಾಗೆ ರಾಜ ಅವ್ನಂತಲ್ಲ?” ಮಾದಮ್ಮ ಕೇಳಿದಳು.

“ಇದ್ದಾರೆ.”

“ಅಂಗಾದ್ರೆ ನಿಮ್ಗೆ ಓಟು ಇಲ್ವಾ?”

“ಈ ತರದ್ದಿಲ್ಲ. ನಿಮಗಿದೆಯಲ್ಲ?”

“ನಂಗೆಲ್ಲೈತೆ? ಜಾಸ್ತಿ ಕಂದಾಯ ಕಟ್ಟೋರ್ಗೈತೆ.” ಆಕೆ ಸಾರು ಬಡಿಸುತ್ತ ಸ್ವಲ್ಪ ಯೋಚಿಸಿದಳು. “ನಿಂಗೆ ರಾಜನಾದ್ರೂ ಅವ್ನೆ ಬುಡು.”

ನಾನು ಅಲ್ಲಿ ಇಳಿದದ್ದೇ ಸಂಜೆಯ ಚೌಡಣ್ಣನ ಕೂಟಕ್ಕೆ. ಈ ಕಡೆ ಸಭೆಗೆ ಕೂಟ ಎನ್ನುತ್ತಾರೆ. ಓಟು ಇರುವವರು ಮುಂದೆ ಕುರ್ಚಿಯಲ್ಲಿ ಕೂತಿದ್ದರು. ಇಲ್ಲದವರು ಹಿಂದೆ ನೆಲದ ಮೇಲೆ. ಚಪ್ಪಾಳೆ ಬರುತ್ತಿದ್ದದ್ದೆಲ್ಲ ನೆಲದಿಂದ. ಕುರ್ಚಿಗಳು ಕೈ ಕಟ್ಟಿಕೊಂಡಿದ್ದವು.

ಕರಿಕೋಟು ಮತ್ತು ಮೈಸೂರು ಪೇಟ ನನ್ನನ್ನು ಕೆಡಿಸಿದವು. ಯಾರೋ ದೊಡ್ಡವರು ಬಂದಿದ್ದಾರೆಂದು ನನ್ನನ್ನು ಎಳೆದುಕೊಂಡು ಹೋಗಿ ಮೇಡೆಯ, ಅಂದರೆ ವೇದಿಕೆಯ, ಮೇಲೆ ಕೂರಿಸಿ ಹಾರ ಹಾಕಿದರು. ಎರಡು ಮಾತಾಡಿ ಎಂದರು. ನಾನು ಎದ್ದು ನಿಂತು ಇದ್ದದ್ದನ್ನೇ ಹೇಳಿದೆ: “ನಾನು ಚೌಡಪ್ಪನವರ ಹತ್ತಿರ ಒಂದು ಸಹಿ ಹಾಕಿಸಿಕೊಂಡು ಹೋಗಲು ಬಂದಿದ್ದೇನೆ. ಹನ್ನೊಂದು ಜನರ ಅನ್ನ ಅದರಲ್ಲಿದೆ.” ಚೌಡಣ್ಣನ ಸೆಕ್ರೆಟರಿ, ಕನ್ನಡಕದ ಸಣಕಲ ಮನುಷ್ಯ, ಅದನ್ನು ತಮಿಳಿಗೆ ತಂದ. ಅವನ ತಮಿಳಿನಲ್ಲಿ ನಾನು ಮೈಸೂರು ಸೀಮೆಯ ಸಮಸ್ತ ಕಾರ್ಮಿಕರ ಬೆಂಬಲವನ್ನು ಹೊತ್ತು ತಂದಿದ್ದೆ. ನೆಲದಿಂದ ದೊಡ್ಡ ಚಪ್ಪಾಳೆ ಬಂತು. ಕನ್ನಡ ಬಲ್ಲ ಅರ್ಧ ಸಭೆ ಎರಡನ್ನೂ ಕೇಳಿಸಿಕೊಂಡಿತ್ತು, ಅವರೂ ಚಪ್ಪಾಳೆ ತಟ್ಟಿದರು. ದೂರದಿಂದ ಬಂದವನ ಮನಸ್ಸು ನೋಯಿಸಬಾರದು ಎಂದು ಇರಬೇಕು.

ಆಮೇಲೆ ಚೌಡಣ್ಣ ಎದ್ದ. ಅವನ ಮಾತಿನ ವರಸೆ ನನಗೆ ಹಳೆಯದು. ತಮಿಳಿನಲ್ಲಿ ಶುರು ಮಾಡುತ್ತಾನೆ, ಕೋಪ ಬಂದ ಕೂಡಲೇ ಕನ್ನಡಕ್ಕೆ ಇಳಿಯುತ್ತಾನೆ. “ಬೆಂಗ್ಳೂರ್ ಮಿಲ್ನಾಗೆ ಮಗ್ಗ ನಿಲ್ಸಿ ಅಂತೇಳ್ದೋನು ಯಾರು? ನಾನು! ಮುನ್ನೂರು ಮಗ್ಗ ಒಂದೇ ಮಾತ್ಗೆ ನಿಂತೋದ್ವು!” ಎಂದು ಎದೆ ತಟ್ಟಿಕೊಂಡ. ಲೆಕ್ಕ ತಪ್ಪಿದ್ದರೂ ನನಗೆ ಕಣ್ಣು ತುಂಬಿ ಬಂತು. ಇಡೀ ಊರಿನ ಮುಂದೆ ಒಪ್ಪಿಕೊಂಡಿದ್ದಾನೆ, ಇನ್ನು ಬರೆದುಕೊಡಲು ಏನು ಕಷ್ಟ?

ಕೂಟ ಮುಗಿದ ಮೇಲೆ ಅವನು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡ. ಹೆಂಡತಿ, ಅಮ್ಮ, ಹನ್ನೊಂದು ಜನ, ಎಲ್ಲರನ್ನೂ ಹೆಸರು ಹಿಡಿದು ವಿಚಾರಿಸಿದ. ಆ ಹನ್ನೊಂದರಲ್ಲಿ ಒಬ್ಬನಾದ ಚಿಕ್ಕಣ್ಣನ ಮಗಳಿಗೆ ಹುಷಾರಾಯಿತೇ ಎಂದೂ ಕೇಳಿದ. ನಾನು ಪತ್ರ ತೆಗೆದೆ. ಅವನು ಓದಿದ, ಮಡಿಸಿದ, ನನ್ನ ಜೇಬಿಗೇ ಇಟ್ಟ.

“ಮೇಡೆ ಮೇಲೇಳಿದ್ದು ಗಾಳೀಗೋಯ್ತದೆ ರೈಟ್ರೇ. ಕಾಗ್ದದ ಮೇಲೇಳಿದ್ದು ಕೋರ್ಟ್‌ಗೋಯ್ತದೆ. ಸೇಲಂಗೆ ಬಾ, ಅಪ್ಪುರಂ ನೋಡಾನ.”

ಅಪ್ಪುರಂ ಎಂದರೆ ಆಮೇಲೆ. ನಾನು ಈ ಪ್ರವಾಸದಲ್ಲಿ ಅತಿ ಹೆಚ್ಚು ಸಲ ಕೇಳಿದ ತಮಿಳು ಪದ ಅದೇ.

ಸೇಲಂ, ಶುಕ್ರವಾರ

ಸೇಲಂ ದೊಡ್ಡ ಊರು. ಸುತ್ತ ಗುಡ್ಡಗಳಿವೆ. ಕಾಫಿ ಚೆನ್ನಾಗಿದೆ, ಆದರೆ ಲೋಟವನ್ನು ತುಟಿಗೆ ತಾಗಿಸಿ ಕುಡಿದದ್ದಕ್ಕೆ ಹೋಟೆಲಿನ ಮುದುಕನೊಬ್ಬ ನನ್ನನ್ನು ಕರುಣೆಯಿಂದ ನೋಡಿದ. ಅಲ್ಲಿ ಎಲ್ಲರೂ ಲೋಟವನ್ನು ಮೇಲಕ್ಕೆತ್ತಿ, ಬಾಯಿ ತೆರೆದು, ಜಲಪಾತದ ಹಾಗೆ ಸುರಿದುಕೊಳ್ಳುತ್ತಾರೆ. ನಾನೂ ಪ್ರಯತ್ನಿಸಿದೆ. ಕೋಟಿನ ಮೇಲಿನ ಕಲೆ ಇವತ್ತಿಗೂ ಇದೆ.

ಬೀದಿಯ ಗೋಡೆಗಳ ಮೇಲೆಲ್ಲ ಚೌಡಣ್ಣ. ತೊಳಿಲಾಳರ ತಲೈವರ್, ಅಂದರೆ ಕಾರ್ಮಿಕರ ನಾಯಕ, ಎಂದು ದೊಡ್ಡ ಅಕ್ಷರ. ಮಿಲ್ಲಿನಲ್ಲಿದ್ದಾಗ ಅವನಿಗೆ ಇದ್ದದ್ದು ಒಂದೇ ಅಂಗಿ. ಚಿತ್ರದಲ್ಲಿ ಶಾಲು ಹೊದ್ದಿದ್ದ. ಸಂಜೆಯ ಸಭೆಯಲ್ಲಿ ಮುನ್ನೂರು ಮಗ್ಗ ಸಾವಿರವಾಗಿತ್ತು. ಆದರೆ ನಿಲ್ಲಿಸಲು ಹೇಳಿದವನು ಯಾರೆಂಬುದು ಸ್ವಲ್ಪ ಮಸುಕಾಗಿತ್ತು. “ಸಾವ್ರ ಮಗ್ಗ ನಿಂತೋದ್ವು, ನಾನು ನೋಡ್ತಾ ಇದ್ದೆ” ಎಂದ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಊರಿನ ದೊಡ್ಡ ವ್ಯಾಪಾರಸ್ಥರಿದ್ದರು. ಅವತ್ತು ಕುರ್ಚಿಗಳೂ ಮೆಲ್ಲಗೆ ಚಪ್ಪಾಳೆ ತಟ್ಟಿದವು.

ಅವತ್ತು ಚೌಡಣ್ಣ ನನಗೆ ಸಿಗಲೇ ಇಲ್ಲ. ಅವನು ಇಳಿದುಕೊಂಡಿದ್ದ ಬಂಗಲೆಯ ಜಗಲಿಯಲ್ಲಿ ನಾಲ್ಕು ಗಂಟೆ ಕೂತಿದ್ದೆ. ನನ್ನ ಹಾಗೆ ಕಾಗದ ಹಿಡಿದವರು ಇನ್ನೂ ಹತ್ತಾರು ಜನ ಇದ್ದರು. ಸೆಕ್ರೆಟರಿ ಬಂದು, ನಾಳೆ ಬೆಳಿಗ್ಗೆ ತಲೈವರ್ ಎಡಪ್ಪಾಡಿಗೆ ಹೋಗುತ್ತಾರೆ, ಅಲ್ಲಿಂದ ಮೆಟ್ಟೂರು, ಅಣೆಕಟ್ಟೆ ನೋಡಲು ಉತ್ತರದಿಂದ ಪಕ್ಷದ ದೊಡ್ಡವರು ಬರುತ್ತಾರೆ, ತಲೈವರನ್ನು ದೆಹಲಿಯ ಸಮಿತಿಗೆ ತೆಗೆದುಕೊಳ್ಳುವ ಮಾತಿದೆ, ಹಾಗಾಗಿ ಇವತ್ತು ತೊಂದರೆ ಕೊಡಬೇಡಿ ಎಂದ. ನಾನು ಶುಕ್ರವಾರ, ಶನಿವಾರ, ಭಾನುವಾರ ಎಂದು ಬೆರಳು ಮಡಿಸಿ ತೋರಿಸಿದೆ. ಅವನಿಗೂ ಬೆರಳುಗಳಿದ್ದವು. ಅವನು ಚುನಾವಣೆಗೆ ಇನ್ನೆಷ್ಟು ವಾರ ಎಂದು ಮಡಿಸಿ ತೋರಿಸಿದ.

ಆವತ್ತು ನನಗೆ ನಿಜವಾಗಿ ಭಯವಾಯಿತು. ಚೌಡಣ್ಣ ಸಹಿ ಹಾಕದಿದ್ದರೆ ಎಂಬ ಭಯವಲ್ಲ. ಹಾಕದಿದ್ದರೆ ಇನ್ನು ಉಳಿದವನು ಯಾರು ಎಂದು ನನಗೆ ಗೊತ್ತಿತ್ತು.

ಎಡಪ್ಪಾಡಿ, ಶನಿವಾರ

ಮೊದಲ ಬಸ್ಸಿಗೆ ಎಡಪ್ಪಾಡಿ ಸೇರಿದೆ. ಆ ಊರಿನ ಬೀದಿಯೊಳಗೆ ಕಾಲಿಟ್ಟ ಕೂಡಲೇ ನಾನು ಬೆಂಗಳೂರಿನ ಪೇಟೆಯಲ್ಲಿ, ಎಂಟು ವರ್ಷದವನಾಗಿ, ನಮ್ಮಪ್ಪನ ಪಕ್ಕದಲ್ಲಿ ನಿಂತಿದ್ದೆ. ಅದೇ ಹುಳಿ ಗಂಜಿಯ ವಾಸನೆ, ಮನೆ ಮನೆಯಿಂದ ಅದೇ ಲಾಳಿಯ ಸದ್ದು. ನಾವೂ ನೇಕಾರರೇ. ಅಪ್ಪ ಸತ್ತ ಮೇಲೆ ಮಗ್ಗದ ಗುಂಡಿಯ ಮೇಲೆ ಹಲಗೆ ಮುಚ್ಚಿ, ನಾನು ಮಿಲ್ಲಿಗೆ ಹೋದೆ.

ಬೀದಿಯ ಉದ್ದಕ್ಕೂ ಹಾಸು ಕಟ್ಟಿದ್ದರು. ತಿಳಿಯದವರಿಗೆ ಹೇಳಬೇಕು: ಮಗ್ಗಕ್ಕೆ ಏರಿಸುವ ಮೊದಲು ಉದ್ದದ ನೂಲನ್ನೆಲ್ಲ ಬೀದಿಯಲ್ಲಿ ಕವೆಗೋಲುಗಳ ಮೇಲೆ ಬಿಗಿಯಾಗಿ ಎಳೆದು ಗಂಜಿ ಹಚ್ಚುತ್ತಾರೆ. ಹಾಸಿನಷ್ಟೇ ಅಗಲದ ಕುಂಚ. ಅದರ ಒಂದು ತುದಿ ಹಾಸಿನ ಈ ಕಡೆ ಒಬ್ಬನ ಕೈಯಲ್ಲಿ, ಇನ್ನೊಂದು ತುದಿ ಆ ಕಡೆ ಇನ್ನೊಬ್ಬನ ಕೈಯಲ್ಲಿ. ಇಬ್ಬರೂ ಒಂದೇ ಹೆಜ್ಜೆಯಲ್ಲಿ ಈ ಕೊನೆಯಿಂದ ಆ ಕೊನೆಗೆ ಗಂಜಿ ಒಣಗುವ ತನಕ ಉಜ್ಜುತ್ತ ನಡೆಯಬೇಕು. ನಡುವೆ ನಿಂತರೆ ಎಳೆಗೆ ಎಳೆ ಅಂಟಿಕೊಂಡು ತಿಂಗಳ ಕೆಲಸ ಹಾಳು. ಆದ್ದರಿಂದ ನೇಕಾರರ ಬೀದಿಗಳಲ್ಲಿ ಒಂದು ಕಟ್ಟು ಇದೆ. ಹಾಸು ಎಳೆದಿರುವಾಗ ಬೀದಿಯಲ್ಲಿ ಗಾಡಿ ಬರುವ ಹಾಗಿಲ್ಲ. ಹೆಣವಾದರೂ ಸುತ್ತಿಕೊಂಡು ಹೋಗುತ್ತದೆ. ಕುಂಚ ಹಿಡಿದವರು ಮುಗಿಸಿಯೇ ಬಿಡಬೇಕು.

ತಲೈವರ ಮೋಟಾರು ಬೀದಿಯ ಬಾಯಿಗೆ ಬಂದು ನಿಂತಿತು. ಡ್ರೈವರ್ ಹಾರನ್ ಹೊಡೆದ. ಹಾಸಿನ ಒಡತಿ ನಂಜಮ್ಮ, ಸುಮಾರು ಅರವತ್ತರ ಗಟ್ಟಿ ಹೆಂಗಸು, ತಿರುಗಿಯೂ ನೋಡಲಿಲ್ಲ. “ದೇವ್ರೇ ಬಂದ್ರೂ ಅತ್ಲಾಗಿಂದ ಬರ್ಲಿ” ಎಂದಳು.

ಚೌಡಣ್ಣ ನಗುತ್ತ ಇಳಿದು ನಡೆದು ಬಂದ. ಅವನ ಜೊತೆಗೆ ಸೆಕ್ರೆಟರಿ, ಹಿಂಬಾಲಕರು, ಮತ್ತು ಪತ್ರಿಕೆಯ ಫೋಟೋದವನು. ಹುಟ್ಟಿದೂರಿನಲ್ಲಿ ನಾಯಕ ಕುಂಚ ಹಿಡಿದ ಚಿತ್ರ ಬೇಕು ಎಂದು ಮೊದಲೇ ನಿಶ್ಚಯವಾಗಿತ್ತು. ನಂಜಮ್ಮನ ಇಬ್ಬರು ಅಳಿಯಂದಿರು ಕುಂಚವನ್ನು ಅವನ ಕಡೆ ಚಾಚಿದರು. ಅವನು ಒಂದು ತುದಿ ಹಿಡಿದು ಸುತ್ತ ನೋಡಿದ. ಹಿಂಬಾಲಕರ ಕೈಗಳೆಲ್ಲ ಬೆಣ್ಣೆಯಂಥವು. ನಾನು ಕಣ್ಣಿಗೆ ಬಿದ್ದೆ.

“ಬಾರೋ ರೈಟ್ರೇ, ನಿಂಗ್ ಬರ್ತೈತಲ್ಲ, ಇಡ್ಕೋ ಅತ್ಲಾಗೆ!”

ಕೋಟು ಬಿಚ್ಚಿ ಗೂಟಕ್ಕೆ ಹಾಕಿದೆ. ಹಿಡಿದೆ. ಫೋಟೋ ಆಯಿತು. ಅಳಿಯಂದಿರು ವಾಪಸು ಇಸಿದುಕೊಳ್ಳಲು ಬಂದರು. ಚೌಡಣ್ಣ ಕೊಡಲಿಲ್ಲ. ಯಾಕೆ ಎಂದು ನನಗೆ ಗೊತ್ತು. ಹದವಾದ ಗಂಜಿಯ ಮೇಲೆ ಕುಂಚ ಹೋದಾಗ ಕೈಗೆ ಒಂದು ಜುಮ್ಮು ಬರುತ್ತದೆ. ಅದು ಹತ್ತು ವರ್ಷ ಮಿಲ್ಲಿನಲ್ಲಿದ್ದರೂ ಹೋಗುವುದಿಲ್ಲ, ಜೈಲಿಗೆ ಹೋಗಿ ಬಂದರೂ ಹೋಗುವುದಿಲ್ಲ. ಅವನ ಶಾಲು ಜಾರಿ ನೆಲಕ್ಕೆ ಬಿತ್ತು. ಅವನು ಎತ್ತಿಕೊಳ್ಳಲಿಲ್ಲ. ನಾವು ಒಂದು ಸಲ ಆ ಕೊನೆಗೆ ಹೋಗಿ ಬಂದೆವು. ಹಿಂಬಾಲಕರು ನೆರಳು ಹುಡುಕಿಕೊಂಡು ದೂರ ಸರಿದರು. ಎರಡನೆಯ ಸಲ ನಡೆಯುವಾಗ ನಮ್ಮಿಬ್ಬರ ನಡುವೆ ಹಾಸು ಬಿಟ್ಟರೆ ಯಾರೂ ಇರಲಿಲ್ಲ.

“ಚೌಡಣ್ಣ, ಸೋಮವಾರ ಬೆಳಿಗ್ಗೆ ಕಡೆ” ಎಂದೆ.

“ಗೊತ್ತು ಕಣೋ. ಆ ಕಾರ್ ಯಾರ್ದು ಅಂದ್ಕಂಡೆ?”

“ಪಕ್ಷದ್ದು.”

“ಸೇಲಂ ಮಿಲ್ ಓನರ್ದು. ಪೆಟ್ರೋಲೂ ಅವ್ನೇ ಆಕ್ಸೋದು. ನಾನ್ ಮಿಲ್ ನಿಲ್ಸ್ದೆ ಅಂತ ಬರ್ದುಕೊಟ್ರೆ ನಾಳೀಕೇ ಎದುರ್ ಪಾರ್ಟಿಯೋರು ಅದ್ನ ಅಚ್ಚಾಕ್ಸಿ ಊರ್ಗೆಲ್ಲ ಅಂಚ್ತಾರೆ. ದೆಲ್ಲಿ ಇಲ್ಲ, ಅಸೆಂಬ್ಲಿ ಇಲ್ಲ. ಅಸೆಂಬ್ಲೀಗೋದ್ರೆ ನಾನು ಅನ್ನೊಂದಲ್ಲ, ಅನ್ನೊಂದ್ ಸಾವ್ರ ಜನಕ್ಕೆ ಕಾಯ್ದೆ ತರ್ತೀನಿ. ಸುಳ್ಳೇಳ್ತಿಲ್ಲ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದು ನನಗೆ ಇವತ್ತಿಗೂ ಗೊತ್ತು.

“ಆ ಹನ್ನೊಂದು ಸಾವಿರದಲ್ಲಿ ಈ ಹನ್ನೊಂದು ಜನ ಇರ್ತಾರಾ?” ಎಂದು ಕೇಳಿದೆ.

ಅವನು ಕೊನೆಯ ತನಕ ಉಜ್ಜಿದ. ತಿರುಗಿದೆವು. ಗಂಜಿ ಇನ್ನೂ ಹಸಿಯಾಗಿತ್ತು. ಅವನು ನೂಲು ನೋಡುತ್ತ ಮೆಲ್ಲಗೆ ಹೇಳಿದ, ಬೈಗುಳದ ಧ್ವನಿಯಲ್ಲಲ್ಲ, ಇಬ್ಬರು ಕೆಲಸಗಾರರು ಕೆಲಸದ ನಡುವೆ ಆಡುವ ಧ್ವನಿಯಲ್ಲಿ:

“ನಾನ್ ನಿಂಗೇಳ್ದೆ ರೈಟ್ರೇ. ಅವ್ರ್ಗೇಳಿದ್ದು ನೀನು.”

ನಾನು ಹೆಜ್ಜೆ ತಪ್ಪಲಿಲ್ಲ. ತಪ್ಪಿದ್ದರೆ ನಂಜಮ್ಮ ಬೈಯುತ್ತಿದ್ದಳು. ಆದರೆ ಬುಧವಾರದಿಂದ ನಾನು ಓಡಿಬರುತ್ತಿದ್ದದ್ದು ಯಾವುದರಿಂದ ಎಂದು ಯಾರೋ ಬೀದಿಯಲ್ಲಿ ಗಟ್ಟಿಯಾಗಿ ಓದಿ ಹೇಳಿದ ಹಾಗಾಯಿತು. ನಾಚಿಕೆಯಾಯಿತು. ಸಿಟ್ಟೂ ಬಂತು. ಸಿಟ್ಟು ಚೌಡಣ್ಣನ ಮೇಲೆ ಎಷ್ಟು, ನನ್ನ ಮೇಲೆ ಎಷ್ಟು ಎಂದು ಬೇರೆ ಮಾಡಲು ಆಗಲಿಲ್ಲ.

ಆಗ ಬೀದಿಯ ಬಾಯಿಂದ ಸೆಕ್ರೆಟರಿ ಓಡಿಬಂದ. ದೊಡ್ಡವರು ಆಗಲೇ ಮೆಟ್ಟೂರಿನ ದಾರಿಯಲ್ಲಿದ್ದಾರೆ, ನಾವು ಮೊದಲು ಅಲ್ಲಿರಬೇಕು, ವಾಂಗೊ ತಲೈವರೇ, ಬೇಗ ಬನ್ನಿ, ವಾಂಗೊ! ಹಾರನ್ ಮೂರು ಸಲ ಹೊಡೆಯಿತು. ಚೌಡಣ್ಣನ ಕೈ ಇನ್ನೂ ನಾಲ್ಕು ಮಾರು ಉಜ್ಜಿತು. ನಾನದನ್ನು ನೋಡಿದೆ. ಕೈ ಬಿಡಲು ಒಪ್ಪಲಿಲ್ಲ, ಬಿಡಿಸಿಕೊಂಡವನು ಅವನು.

“ಈ ತುದಿ ಯಾರಾನ ಇಡ್ಕಳ್ರಪ್ಪಾ” ಎಂದ.

ಅಳಿಯಂದಿರಿಬ್ಬರೂ ಮೋಟಾರು ನೋಡಲು ಹೋಗಿದ್ದರು. ಕುಂಚ ನೆಲಕ್ಕೆ ಬೀಳುವ ಮೊದಲು ನಂಜಮ್ಮ ಬಂದು ಹಿಡಿದಳು. ಅವಳು ಬೈದಿದ್ದರೆ ಚೌಡಣ್ಣನಿಗೆ ಸುಲಭವಾಗುತ್ತಿತ್ತೇನೋ. ಅವನು ಶಾಲು ಎತ್ತಿಕೊಂಡು, ಗಂಜಿಯ ಕೈಯನ್ನು ಅದರಲ್ಲೇ ಒರೆಸಿಕೊಂಡು, ನಾಲ್ಕು ಹೆಜ್ಜೆ ಹೋಗಿ ತಿರುಗಿದ.

“ರೈಟ್ರೇ, ಬಾ. ಕಾರ್ನಾಗೆ ಜಾಗ ಐತೆ. ಮೆಟ್ಟೂರ್ನಾಗೆ ಎಲ್ಲ ಮುಗೀಲಿ, ಅಲ್ಲೇ ಸೈನ್ ಆಕ್ತೀನಿ. ಆಣೆ.”

ಅವನ ಕಣ್ಣು ಒದ್ದೆಯಾಗಿತ್ತು. ಆ ಕ್ಷಣಕ್ಕೆ ಅವನು ಹಾಕುವವನೇ. ಮೆಟ್ಟೂರಿನಲ್ಲಿ ದೊಡ್ಡವರ ಪಕ್ಕದಲ್ಲಿ ನಿಂತ ಮೇಲೆ ಏನೋ ಹೇಳಲಾರೆ. ನಾನು ನಂಜಮ್ಮನನ್ನು ನೋಡಿದೆ. ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು.

“ಓಗೋದಾದ್ರೆ ಈಗ್ಲೇ ಏಳ್ಬುಡಪ್ಪ” ಎಂದಳು. “ನೂಲು ಕಾಯಾಕಿಲ್ಲ.”

“ನೀವು ನಡೀರಿ ಚೌಡಣ್ಣ” ಎಂದೆ. “ನನ್ನ ಕೈ ಬಿಡುವಿಲ್ಲ.”

ನಂಜಮ್ಮನ ಜೊತೆ ಇನ್ನು ಆರೋ ಏಳೋ ಸಲ ನಡೆದೆ. ಬಿಸಿಲು ಏರಿತು, ಹಾಸು ಒಣಗಿ ಬೆಳ್ಳಗೆ ತಂತಿಯ ಹಾಗಾಯಿತು. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಗುಮಾಸ್ತನ ಕೈ ಅಲ್ಲವೇ. ಮುಗಿದ ಮೇಲೆ ನಂಜಮ್ಮ ನನಗೆ ಒಂದು ಚೊಂಬು ಮಜ್ಜಿಗೆ ಕೊಟ್ಟು, ಹಾಸಿನ ಮೇಲೆ ಬೆರಳಾಡಿಸಿ ನೋಡಿ, “ಎಲ್ಲೂ ಅಂಟಿಲ್ಲ” ಎಂದಳು. ಎರಡು ದಿನಗಳ ಮೇಲೆ ನನಗೆ ಹಸಿವಾಯಿತು. ಅಮ್ಮನ ಬುತ್ತಿಯನ್ನು ಅಲ್ಲೇ ಜಗಲಿಯ ಮೇಲೆ ಬಿಚ್ಚಿದೆ. ಪರದೇಶದವರೆಲ್ಲ ಸೇರಿ ತಿಂದು ಖಾಲಿ ಮಾಡಿದರು.

ಮೆಟ್ಟೂರು

ಮೆಟ್ಟೂರನ್ನು ನಾನು ನೋಡಲಿಲ್ಲ. ಅಣೆಕಟ್ಟೆ ಬಹಳ ದೊಡ್ಡದಂತೆ. ಕಾವೇರಿ ನಮ್ಮ ಕಡೆಯಿಂದ ಹೋದದ್ದು ಅಲ್ಲಿ ಸಮುದ್ರದ ಹಾಗೆ ನಿಂತಿದೆಯಂತೆ. ಅದರ ಮೇಲೆ ನಿಂತು ಉತ್ತರದ ದೊಡ್ಡವರು ಚೌಡಣ್ಣನ ಹೆಗಲ ಮೇಲೆ ಕೈ ಹಾಕಿದರಂತೆ. ಚೌಡಣ್ಣ ಗೆದ್ದ. ದೆಹಲಿಯ ಸಮಿತಿಗೂ ಹೋದ. ಕಾರ್ಮಿಕರ ಪರವಾಗಿ ಅಲ್ಲಿ ಗಟ್ಟಿಯಾಗಿ ಮಾತಾಡಿದನೆಂದು ಓದಿದ್ದೇನೆ, ಅದನ್ನು ಮುಚ್ಚಿಡುವುದು ಸರಿಯಲ್ಲ.

ಎಡಪ್ಪಾಡಿಯ ಚಿತ್ರ ಪತ್ರಿಕೆಯಲ್ಲಿ ಬಂತು. ನೇಕಾರರ ನಡುವೆ ನಾಯಕ ಎಂದು ಅಡಿಯಲ್ಲಿ ಬರೆದಿತ್ತು. ಚಿತ್ರದ ಎಡ ಅಂಚಿನಲ್ಲಿ, ಕುಂಚದ ಇನ್ನೊಂದು ತುದಿಯಲ್ಲಿ, ಒಂದು ಮೊಣಕೈ ಇದೆ. ನನ್ನದು.

ಬೆಂಗಳೂರು, ಭಾನುವಾರ

ಮನೆಗೆ ಬಂದು ಕೈಕಾಲು ತೊಳೆಯುವಾಗ ನನ್ನ ಹೆಂಡತಿ ರಾಜಮ್ಮ ಉಗುರು ನೋಡಿದಳು. ಅವಳೂ ನೇಕಾರರ ಮಗಳು.

“ಗಂಜಿ ಮುಟ್ಟಿದ್ರಾ?”

“ಮುಟ್ಟಿದೆ.”

“ಸೈನು?”

“ಸಿಗಲಿಲ್ಲ. ಪತ್ರವನ್ನು ಸೇಲಂ ಸ್ಟೇಷನ್ನಿನಲ್ಲಿ ಕೂತು ಬೇರೆ ಬರೆದೆ. ಒಂದು ಹೆಸರು ಮಾತ್ರ ಬದಲಾಯಿಸಬೇಕಾಗಿತ್ತು.”

ಪತ್ರ ಓದಲು ಅವಳಿಗೆ ಬರುವುದಿಲ್ಲ. ನನ್ನ ಸಹಿ ಹೇಗಿರುತ್ತದೆಂದು ಗೊತ್ತು. ಕೆಳಗಿನ ಸಾಲನ್ನು ಬಹಳ ಹೊತ್ತು ನೋಡಿದಳು. ಅಳುತ್ತಾಳೆ ಎಂದುಕೊಂಡೆ, ಬೈಯುತ್ತಾಳೆ ಎಂದುಕೊಂಡೆ. ಎರಡಕ್ಕೂ ನಾನು ತಯಾರಾಗಿದ್ದೆ.

“ಮಗ್ಗದ ಗುಂಡಿ ಹಂಗೇ ಇದೆ” ಎಂದಳು. “ಮೇಲೆ ಹಲಗೆ ತಾನೇ.”

ಬೆಂಗಳೂರು, ಸೋಮವಾರ ಮತ್ತು ಮಂಗಳವಾರ

ದೊರೆ ಪತ್ರವನ್ನು ಎರಡು ಸಲ ಓದಿಸಿಕೊಂಡ. ಮಗ್ಗ ನಿಲ್ಲಿಸಲು ಆ ಹನ್ನೊಂದು ಜನಕ್ಕೆ ಹೇಳಿದವನು ನಾನು, ಅವರು ನನ್ನ ಮಾತು ನಂಬಿ ನಿಲ್ಲಿಸಿದರು, ತಪ್ಪಿದ್ದರೆ ನನ್ನದು ಎಂದು ಅದರಲ್ಲಿತ್ತು. ಎಲ್ಲ ನಿಜವೇ. “ಇಷ್ಟು ಒಳ್ಳೆಯ ಅಕ್ಷರದ ಗುಮಾಸ್ತ ಇನ್ನು ಸಿಗುವುದು ಕಷ್ಟ” ಎಂದು ದೊರೆ ಮನಸ್ಸಿನಿಂದಲೇ ಹೇಳಿದ. ಹಾಜರಿ ಕೋಣೆಯ ಬೀಗದ ಕೈ ಮೇಜಿನ ಮೇಲಿಟ್ಟೆ. ಅವನು ಮಾತಿಗೆ ತಪ್ಪುವವನಲ್ಲ. ಹನ್ನೊಂದು ಜನಕ್ಕೂ ಅಂದೇ ಹೇಳಿ ಕಳಿಸಿದ.

ಮಂಗಳವಾರ ಬೆಳಿಗ್ಗೆ ಸೈರನ್ ಹೊತ್ತಿಗೆ ಗೇಟಿನ ಎದುರು ಹೋಗಿ ನಿಂತೆ. ನೋಡದೆ ಇರಲು ಆಗಲಿಲ್ಲ. ಹನ್ನೊಂದು ಜನ ಒಟ್ಟಾಗಿ ಬಂದರು, ಹಣೆಗೆ ಕುಂಕುಮ ಇಟ್ಟುಕೊಂಡು, ಮದುವೆ ಮನೆಗೆ ಬಂದವರ ಹಾಗೆ. ಚಿಕ್ಕಣ್ಣ ನನ್ನನ್ನು ಕಂಡು ಓಡಿಬಂದು ಎರಡೂ ಕೈ ಹಿಡಿದುಕೊಂಡ.

“ಸೈನ್ ತಂದೇ ಬಿಟ್ರಲ್ಲ ರೈಟ್ರೇ! ನಾನ್ ಹೇಳಿರ್ಲಿಲ್ವಾ, ಚೌಡಣ್ಣ ಎಷ್ಟ್ ದೊಡ್ಡೋರಾದ್ರೂ ನಮ್ಮನ್ನ ಕೈ ಬಿಡಲ್ಲ ಅಂತ?”

ಅವನ ಮುಖ ಬೆಳಗುತ್ತಿತ್ತು. ಆರು ತಿಂಗಳಲ್ಲಿ ಅವನು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಕಂಡಿರಲಿಲ್ಲ.

“ಹೌದು, ನೀನು ಹೇಳಿದ್ದೆ” ಎಂದೆ.

ಸೈರನ್ ಎರಡನೆಯ ಸಲ ಕೂಗಿತು. ಉಳಿದವರು ಒಳಗೆ ಹೋದರು. ಚಿಕ್ಕಣ್ಣ ಗೇಟಿನ ತನಕ ಹೋಗಿ, ನಾನು ಹಿಂದೆ ಬರುತ್ತಿಲ್ಲವೆಂದು ನೋಡಿ ನಿಂತ.

“ಯಾಕೆ ರೈಟ್ರೇ, ಒಳಗೆ ಬರಲ್ವಾ?”

“ನೀನು ನಡಿ” ಎಂದೆ. “ನನ್ನ ರಜೆ ಇನ್ನೂ ಮುಗಿದಿಲ್ಲ.”